ಬಹುಕಾಲ ನಿಂತ ಸ್ಕೂಟರನ್ನು ಮತ್ತೆ ರಸ್ತೆಗೆ ತರುವುದು: ಕೊಡಗಿನ ತೇವಕ್ಕೆ ಹೊಂದುವ ಕ್ರಮ

ಕೊಡಗಿನ ಎಷ್ಟೋ ತೋಟದ ಮನೆಗಳಲ್ಲಿ ಕಾಫಿ ಗೋದಾಮಿನ ಮೂಲೆಯಲ್ಲೋ ಸೌದೆ ಕೊಟ್ಟಿಗೆಯ ಸೂರಿನಡಿಯಲ್ಲೋ ಒಂದು ಸ್ಕೂಟರ್ ಗೋಣಿಚೀಲಗಳನ್ನು ಹೊದ್ದು ನಿಂತಿರುತ್ತದೆ. ಮನೆಗೆ ಜೀಪು ಬಂದ ವರ್ಷವೋ, ಓಡಿಸುತ್ತಿದ್ದ ಹಿರಿಯರ ಮಂಡಿ ನೋವು ಹೆಚ್ಚಾದ ವರ್ಷವೋ ಅದು ಅಲ್ಲಿ ನಿಂತಿರುತ್ತದೆ. ಮಾರಲು ಯಾರಿಗೂ ಮನಸ್ಸಿರುವುದಿಲ್ಲ, ಓಡಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ನಮ್ಮ ಮನೆಯಲ್ಲಿ ಅಪ್ಪನ ಬಜಾಜ್ ಚೇತಕ್ ಹೀಗೆ ಒಂಬತ್ತು ಮಳೆಗಾಲ ಕಳೆಯಿತು. ಅದನ್ನು ಎಬ್ಬಿಸುವಾಗ ಕಲಿತದ್ದನ್ನೂ ಆಮೇಲೆ ನೆರೆಯವರ ಕೆಲವು ಗಾಡಿಗಳ ಮೇಲೆ ಕೆಲಸ ಮಾಡುವಾಗ ತಿದ್ದಿಕೊಂಡದ್ದನ್ನೂ ಸೇರಿಸಿ ಈ ಕ್ರಮವನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವುದು ಮುಖ್ಯವಾಗಿ ಚೇತಕ್‌ನಂತಹ, ಹ್ಯಾಂಡಲಿನಲ್ಲೇ ಗೇರ್ ಇರುವ ಟೂ-ಸ್ಟ್ರೋಕ್ ಸ್ಕೂಟರಿನ ವಿಷಯ. ಗೇರ್ ಇಲ್ಲದ ಇತ್ತೀಚಿನ ಸ್ಕೂಟರುಗಳಿಗೆ ಬೇರೆಯಾಗಿ ಬೇಕಾದಷ್ಟನ್ನು ಕೊನೆಯಲ್ಲಿ ಸೇರಿಸಿದ್ದೇನೆ.

ಬಯಲುಸೀಮೆಯಲ್ಲಿ ನಿಂತ ಗಾಡಿಗೆ ಧೂಳು ಮತ್ತು ಬಿಸಿಲು ಶತ್ರುಗಳಾದರೆ ನಮ್ಮಲ್ಲಿ ತೇವವೇ ಶತ್ರು. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುವ ಊರಿನಲ್ಲಿ, ಒಂದು ಹನಿ ಮಳೆ ತಾಗದಂತೆ ಒಳಗಿಟ್ಟ ಗಾಡಿಯ ಬ್ರೇಕ್ ಡ್ರಮ್ಮಿನ ಒಳಮೈಗೂ ತುಕ್ಕು ಹಿಡಿಯುತ್ತದೆ, ಸೀಟಿನ ಮೇಲೆ ಬೂಷ್ಟು ಬೆಳೆಯುತ್ತದೆ, ಕೇಬಲ್ಲುಗಳು ತಮ್ಮ ಕವಚದೊಳಗೇ ಕಚ್ಚಿಕೊಳ್ಳುತ್ತವೆ. ಇದರ ಜೊತೆಗೆ ನಮ್ಮ ರಸ್ತೆಗಳು ಮನೆಯ ಗೇಟಿನಿಂದಲೇ ಇಳಿಯಲಾರಂಭಿಸುತ್ತವೆ. ಆದ್ದರಿಂದ ಎಂಜಿನ್ ಮೊದಲು, ಉಳಿದದ್ದು ಆಮೇಲೆ ಎಂಬ ರೂಢಿಯ ಕ್ರಮವನ್ನು ನಾನು ಒಪ್ಪುವುದಿಲ್ಲ. ಮೊದಲು ದೇಹ, ಆಮೇಲೆ ಚಕ್ರ ಮತ್ತು ಬ್ರೇಕು, ಅದಾದ ಮೇಲೆ ಪೆಟ್ರೋಲ್ ಹರಿಯುವ ದಾರಿ, ಎಲ್ಲಕ್ಕಿಂತ ಕೊನೆಗೆ ಕಿಕ್ಕರ್. ಎಂಜಿನ್ ಶಬ್ದ ಕೇಳಿದ ಮೇಲೆ ಬ್ರೇಕು ಬಿಚ್ಚುವ ತಾಳ್ಮೆ ಯಾರಲ್ಲಿಯೂ ಉಳಿಯುವುದಿಲ್ಲ ಎಂಬುದನ್ನು ನಾನು ಹಲವು ಅಂಗಳಗಳಲ್ಲಿ ಕಂಡಿದ್ದೇನೆ.

ಕಾಲವನ್ನೂ ಆರಿಸಿಕೊಳ್ಳಬೇಕು. ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಬಿಡುವು ಹೆಚ್ಚೆಂದು ಈ ಕೆಲಸಕ್ಕೆ ಕೈಹಾಕಿದರೆ ತೊಳೆದ ಟ್ಯಾಂಕು ಒಣಗುವುದಿಲ್ಲ, ಉಜ್ಜಿದ ಕಬ್ಬಿಣ ಮರುದಿನ ಬೆಳಗ್ಗೆಯೇ ಕೆಂಪಾಗಿರುತ್ತದೆ. ನವೆಂಬರ್-ಡಿಸೆಂಬರಿನ ಸುಗ್ಗಿಹಬ್ಬ ಹುತ್ತರಿ ಕಳೆದು ಒಣಹವೆ ನೆಲೆಸಿದ ಮೇಲೆ, ಕಾಫಿ ಕೊಯ್ಲಿನ ನಡುವೆ ಸಿಗುವ ಭಾನುವಾರಗಳಲ್ಲಿ ಮಾಡಿದರೆ ಬಿಸಿಲೇ ಅರ್ಧ ಕೆಲಸ ಮಾಡಿಕೊಡುತ್ತದೆ. ಕೆಲಸದ ಜಾಗ ಸಮತಟ್ಟಾಗಿರಬೇಕು, ಬಯಲಿನಲ್ಲಿರಬೇಕು, ಬಚ್ಚಲು ಮನೆಯ ಹಂಡೆಯ ಒಲೆಯಿಂದ ದೂರವಿರಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದರಿಂದ ನೆಲದ ಮೇಲೆಯೇ ಹರಿದು ಬೆಂಕಿಯಿರುವ ಕಡೆಗೆ ಹೋಗಬಲ್ಲದು. ಕಾಫಿ ಕಣ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದರೂ ಅದರ ಮೇಲೆ ಎಣ್ಣೆ, ಪೆಟ್ರೋಲ್ ಚೆಲ್ಲಿದರೆ ಹರಡಿದ ಕಾಫಿಗೆ ವಾಸನೆ ಹಿಡಿಯುತ್ತದೆ. ಅಲ್ಲಿ ಮಾಡಬೇಡಿ.

ಕಾಸು ಬಿಚ್ಚುವ ಮೊದಲು ಕಾಗದಪತ್ರ ನೋಡಿ

ನೋಂದಣಿ ಪತ್ರ ಕೈಯಲ್ಲಿದೆಯೇ, ಅದು ಯಾರ ಹೆಸರಿನಲ್ಲಿದೆ, ಅದರ ಅವಧಿ ಎಂದು ಮುಗಿದಿದೆ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಖಾಸಗಿ ದ್ವಿಚಕ್ರ ವಾಹನದ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ ಗಾಡಿಯನ್ನು ತಪಾಸಣೆಗೆ ಒಡ್ಡಿ, ನಮೂನೆ 25ರಲ್ಲಿ ಅರ್ಜಿ ಕೊಟ್ಟು, 5 ವರ್ಷಗಳಿಗೆ ನವೀಕರಿಸಿಕೊಳ್ಳಬೇಕು. ಕೆಎ 12 ಸಂಖ್ಯೆಯ ಗಾಡಿಗಳಿಗೆ ಇದು ಮಡಿಕೇರಿಯ ಪ್ರಾದೇಶಿಕ ಸಾರಿಗೆ ಕಚೇರಿಯ ಕೆಲಸ. ಗಾಡಿ ತೀರಿಕೊಂಡ ಹಿರಿಯರ ಹೆಸರಿನಲ್ಲಿದ್ದರೆ ವಾರಸುದಾರರು ನಮೂನೆ 31ರಲ್ಲಿ ಹೆಸರು ಬದಲಾಯಿಸಿಕೊಳ್ಳಬೇಕು, ಇದಕ್ಕೆ ಮನೆಯ ಉಳಿದ ವಾರಸುದಾರರ ಒಪ್ಪಿಗೆಯೂ ಬೇಕಾಗುವುದರಿಂದ ಮಾತುಕತೆಯನ್ನು ಬೇಗನೆ ಆರಂಭಿಸುವುದು ಒಳ್ಳೆಯದು. ಮೂರನೆಯ ವ್ಯಕ್ತಿಯ ವಿಮೆ 1988ರ ಮೋಟಾರು ವಾಹನ ಕಾಯ್ದೆಯಂತೆ ಕಡ್ಡಾಯ; ಹೊಗೆ ತಪಾಸಣೆಯ ಪ್ರಮಾಣಪತ್ರವೂ ಬೇಕು. ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು ನೋಂದಣಿ ಪತ್ರದೊಂದಿಗೆ ತಾಳೆಯಾಗುತ್ತವೆಯೇ ಎಂದು ಮನೆಯಲ್ಲೇ ನೋಡಿ. ತುಕ್ಕು ಮುಚ್ಚಿದ ಸಂಖ್ಯೆಯನ್ನು ಸೀಮೆಎಣ್ಣೆ ಅಥವಾ ಡೀಸೆಲ್ ತಾಗಿಸಿದ ಬಟ್ಟೆಯಿಂದ ಮೆಲ್ಲಗೆ ಒರೆಸಬೇಕೇ ಹೊರತು ಕಬ್ಬಿಣದ ಬ್ರಷ್‌ನಿಂದ ಉಜ್ಜಬಾರದು. ಅಕ್ಷರ ಅಳಿಸಿಹೋದರೆ ಆಗುವ ತೊಂದರೆ ಎಂಜಿನ್ ಕೆಟ್ಟ ತೊಂದರೆಗಿಂತ ದೊಡ್ಡದು.

ಹೊರಗೆ ತರುವುದು, ಮೈ ನೋಡುವುದು

ಗೋಣಿಚೀಲ ಸರಿಸುವಾಗ ಬೂಟು ಹಾಕಿಕೊಂಡು, ಉದ್ದನೆಯ ಕೋಲಿನಿಂದ ಸರಿಸಿ. ಗೋದಾಮಿನಲ್ಲಿ ಇಲಿ ಇದ್ದರೆ ಅದರ ಹಿಂದೆ ಹಾವೂ ಬಂದಿರಬಹುದು, ಸ್ಕೂಟರಿನ ಹಿಂಭಾಗದ ಎರಡು ಪಕ್ಕದ ಉಬ್ಬು ಮುಚ್ಚಳಗಳಾದ ಡೂಮುಗಳ ಒಳಗಿನ ಜಾಗ ಎರಡಕ್ಕೂ ಪ್ರಿಯವಾದದ್ದು. ಚಕ್ರ ಕಚ್ಚಿಕೊಂಡಿದ್ದರೆ ಬಲವಂತವಾಗಿ ಎಳೆಯಬೇಡಿ, ಬ್ರೇಕ್ ಲೈನರ್ ಡ್ರಮ್ಮಿಗೆ ಅಂಟಿರುತ್ತದೆ. ಇಬ್ಬರು ಸೇರಿ ಎತ್ತಿ ಹೊರಗಿಡಿ.

ಚೇತಕ್‌ಗೆ ಮೋಟಾರ್ ಸೈಕಲ್ಲಿನಂತೆ ಕೊಳವೆಗಳ ಚೌಕಟ್ಟಿಲ್ಲ. ಒತ್ತಿ ಮಾಡಿದ ಉಕ್ಕಿನ ತಗಡಿನ ಮೈಯೇ ಅದರ ಬೆನ್ನೆಲುಬು. ಆದ್ದರಿಂದ ಕಾಲಿಡುವ ನೆಲಹಾಸಿನ ತುಕ್ಕು ಕೇವಲ ಅಂದದ ಪ್ರಶ್ನೆಯಲ್ಲ. ಅಲ್ಲಿ ಹಾಕಿರುವ ರಬ್ಬರ್ ಮ್ಯಾಟನ್ನು ಕಿತ್ತು ನೋಡಿದರೆ ಅದರಡಿಯಲ್ಲಿ ವರ್ಷಗಟ್ಟಲೆ ನಿಂತ ತೇವದ ಗುರುತು ಕಾಣುತ್ತದೆ. ಗಾಡಿಯನ್ನು ಹಳೆಯ ಟಯರಿನ ಮೇಲೋ ಗೋಣಿಯ ಮೇಲೋ ಮಲಗಿಸಿ, ಕೆಳಮೈಯನ್ನು ಸ್ಕ್ರೂ ಡ್ರೈವರಿನ ಹಿಡಿಯಿಂದ ಅಂಗೈಯಗಲಕ್ಕೆ ಒಂದೊಂದು ಸಲ ತಟ್ಟುತ್ತಾ ಹೋಗಿ: ಗಟ್ಟಿ ತಗಡು ಟಣ್ ಎನ್ನುತ್ತದೆ, ತಿಂದುಹೋದ ತಗಡು ಮಂದವಾಗಿ ಸದ್ದು ಮಾಡಿ ಪುಡಿ ಉದುರಿಸುತ್ತದೆ. ಬ್ರೇಕ್ ಪೆಡಲು ಕೂರುವ ಜಾಗ, ಸ್ಟ್ಯಾಂಡಿನ ಬುಡ, ನೆಲಹಾಸು ಮುಂದಿನ ಗುರಾಣಿಗೆ ಸೇರುವ ಮಡಿಕೆ, ಎಂಜಿನ್ ತೂಗುವ ಬೋಲ್ಟಿನ ಸುತ್ತ, ಈ ನಾಲ್ಕು ಕಡೆ ತಗಡು ತೂತಾಗಿದ್ದರೆ ಮುಂದಿನ ಯಾವ ಕೆಲಸವನ್ನೂ ಮಾಡದೆ ಮೊದಲು ವೆಲ್ಡಿಂಗ್ ಬಲ್ಲವರಿಗೆ ತೋರಿಸಿ. ಟ್ಯಾಂಕು ತೆಗೆಯದೆ ವೆಲ್ಡಿಂಗ್ ಮಾಡಿಸಬಾರದು ಎಂಬುದನ್ನು ಹೇಳಬೇಕಾಗಿಲ್ಲವಾದರೂ ಹೇಳಿಬಿಡುತ್ತೇನೆ.

ಇದೇ ದಿನ ಇನ್ನೊಂದು ಕೆಲಸ ಮಾಡಿಟ್ಟರೆ ಮುಂದೆ ಅನುಕೂಲ. ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಬಿಚ್ಚಿ, ಆ ತೂತಿನೊಳಕ್ಕೆ ಎರಡು ಟೀ ಚಮಚದಷ್ಟು ಟೂ-ಟಿ ಆಯಿಲ್ (ಟೂ-ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಬಿಟ್ಟು, ಶುಭ್ರ ಬಟ್ಟೆಯಿಂದ ಬಾಯಿ ಮುಚ್ಚಿಡಿ. ಕಿಕ್ಕರನ್ನು ಮುಟ್ಟಬೇಡಿ. ಒಣಗಿದ ಸಿಲಿಂಡರಿನಲ್ಲಿ ಪಿಸ್ಟನ್ ರಿಂಗುಗಳು ತುಕ್ಕಿನ ತೆಳುಪದರದಿಂದ ಗೋಡೆಗೆ ಅಂಟಿರುತ್ತವೆ. ಆ ಸ್ಥಿತಿಯಲ್ಲಿ ಕಾಲಿನ ಪೂರ್ತಿ ಭಾರ ಹಾಕಿ ಒದ್ದರೆ ರಿಂಗ್ ಮುರಿಯಬಹುದು ಅಥವಾ ಸಿಲಿಂಡರಿನಲ್ಲಿ ಗೀರು ಬೀಳಬಹುದು. ಅಪ್ಪನ ಗಾಡಿಯನ್ನು ಹೊರತಂದ ಮೊದಲ ಸಂಜೆ ನಾನು ಮಾಡಿದ್ದು ಇದನ್ನೇ. ಆ ನಾಲ್ಕು ಒದೆತಗಳಿಂದಾಗಿ ಸಿಲಿಂಡರನ್ನು ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಬೇಕಾಯಿತು. ಎಣ್ಣೆ ಒಳಗಿಳಿಯಲು ಎರಡು ಮೂರು ದಿನ ಕೊಡಿ, ಅಷ್ಟರಲ್ಲಿ ಉಳಿದ ಕೆಲಸ ಸಾಗಲಿ.

ಚಕ್ರ, ಟಯರು, ಬ್ರೇಕು

ಟಯರಿನ ಪಕ್ಕದಲ್ಲಿ ನಾಲ್ಕು ಅಂಕೆಗಳ ಒಂದು ಗುರುತಿರುತ್ತದೆ; ಮೊದಲ ಎರಡು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. 2314 ಎಂದಿದ್ದರೆ ಅದು 2014ರ 23ನೆಯ ವಾರದ ಟಯರು. ಕಚ್ಚು ಎಷ್ಟೇ ಆಳವಾಗಿ ಉಳಿದಿದ್ದರೂ ಹತ್ತು ವರ್ಷ ದಾಟಿದ ರಬ್ಬರನ್ನು ನಂಬಬೇಡಿ, ಬೆರಳಿನಿಂದ ಅಗಲಿಸಿದಾಗ ಪಕ್ಕದಲ್ಲಿ ಬಿರುಕು ಕಾಣುವ ಟಯರನ್ನಂತೂ ವಯಸ್ಸು ಎಣಿಸದೆ ತೆಗೆದುಹಾಕಿ. ಸ್ಟೆಪ್ನಿಗೂ ಇದೇ ಮಾತು ಅನ್ವಯಿಸುತ್ತದೆ. ಟ್ಯೂಬುಗಳನ್ನು ಟಯರಿನ ಜೊತೆಗೇ ಬದಲಾಯಿಸಿ.

ಇಲ್ಲಿ ಒಂದು ಅಪಾಯವಿದೆ. ಚೇತಕ್‌ನ ರಿಮ್ ಎರಡು ಹೋಳುಗಳಿಂದ ಆದದ್ದು. ಹೋಳುಗಳನ್ನು ಒಂದಕ್ಕೊಂದು ಬಿಗಿದ ನಟ್ಟುಗಳೇ ಬೇರೆ, ಚಕ್ರವನ್ನು ಡ್ರಮ್ಮಿಗೆ ಬಿಗಿದ ನಟ್ಟುಗಳೇ ಬೇರೆ. ಟ್ಯೂಬಿನಲ್ಲಿ ಗಾಳಿ ಇರುವಾಗ ಹೋಳುಗಳ ನಟ್ಟನ್ನು ಸಡಿಲಿಸಿದರೆ ಅವು ಸಿಡಿದು ಮುಖಕ್ಕೆ ಬಡಿಯಬಹುದು. ವಾಲ್ವಿನ ಪಿನ್ನನ್ನೇ ತೆಗೆದು, ಟಯರನ್ನು ಕೈಯಿಂದ ಅದುಮಿ, ಗಾಳಿ ಪೂರ್ತಿ ಹೋಗಿದೆ ಎಂದು ಖಚಿತವಾದ ಮೇಲೆ ಮಾತ್ರ ಸ್ಪ್ಯಾನರ್ ಹಿಡಿಯಿರಿ. ರಿಮ್ಮಿನ ಒಳಮೈಯ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ, ತುಕ್ಕು ತಡೆಯುವ ಬಣ್ಣ ಹಚ್ಚಿ, ಒಣಗಿದ ಮೇಲೆ ಹೊಸ ಟ್ಯೂಬು ಕೂರಿಸಿ. ತುಕ್ಕಿನ ಚೂಪು ಉಳಿದರೆ ಹೊಸ ಟ್ಯೂಬು ತಿಂಗಳೊಳಗೆ ತೂತಾಗುತ್ತದೆ.

ಬ್ರೇಕ್ ಡ್ರಮ್ಮುಗಳನ್ನು ತೆಗೆಯಲು ಆತುರ ಪಡಬೇಡಿ. ಬ್ರೇಕ್ ಕೇಬಲ್ಲನ್ನು ಪೂರ್ತಿ ಸಡಿಲಿಸಿ, ಡ್ರಮ್ಮಿನ ಸುತ್ತ ರಬ್ಬರ್ ಸುತ್ತಿಗೆಯಿಂದ ಅಥವಾ ಮರದ ತುಂಡನ್ನು ನಡುವೆ ಇಟ್ಟು ತಟ್ಟುತ್ತಾ ಬಂದರೆ ಅಂಟಿದ ಲೈನರ್ ಬಿಡುತ್ತದೆ. ಒಳಗಿನ ಪುಡಿಯನ್ನು ಬಾಯಿಯಿಂದ ಊದಬಾರದು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯುಂಟು, ಅದು ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡುವ ವಸ್ತು. ಸೂಕ್ಷ್ಮ ಧೂಳು ತಡೆಯುವ ಮುಖಗವಸು ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಡ್ರಮ್ಮಿನ ತುಕ್ಕನ್ನು ಉಪ್ಪುಕಾಗದದಿಂದ ತೆಗೆದು, ಲೈನರಿನ ಮೇಲೆ ಎಣ್ಣೆಯ ಕಲೆಯಿದ್ದರೆ ಅಥವಾ ಅದು ತನ್ನನ್ನು ಹೊತ್ತ ಲೋಹದ ಶೂವಿನಿಂದ ಎದ್ದುಬರುತ್ತಿದ್ದರೆ ಹೊಸ ಶೂ ಹಾಕಿ. ಹಿಂದಿನ ಲೈನರ್ ಎಣ್ಣೆಯಲ್ಲಿ ನೆನೆದಿದ್ದರೆ ಎಂಜಿನ್ ಕಡೆಯ ಆಯಿಲ್ ಸೀಲ್ ಹೋಗಿದೆ ಎಂದು ಅರ್ಥ, ಸೀಲ್ ಬದಲಾಯಿಸದೆ ಶೂ ಮಾತ್ರ ಬದಲಾಯಿಸಿದರೆ ಹಣ ದಂಡ.

ಎಲ್ಲರೂ ಮರೆಯುವ ಭಾಗವೆಂದರೆ ಶೂಗಳನ್ನು ಅಗಲಿಸುವ ಕ್ಯಾಮ್. ನಮ್ಮ ತೇವದಲ್ಲಿ ಅದು ತನ್ನ ತೂತಿನಲ್ಲೇ ಬಿಗಿದುಕೊಂಡಿರುತ್ತದೆ. ಹಾಗಿರುವಾಗ ಬ್ರೇಕ್ ಹಿಡಿದರೆ ಹಿಡಿಯುತ್ತದೆ, ಬಿಟ್ಟರೆ ಬಿಡುವುದಿಲ್ಲ. ಅದನ್ನು ಹೊರತೆಗೆದು, ಉಜ್ಜಿ, ತುಸುವೇ ಗ್ರೀಸ್ ಸವರಿ ಕೂರಿಸಿ. ಕೇಬಲ್ಲುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಮುಂದಿನ ಬ್ರೇಕು, ಹಿಂದಿನ ಬ್ರೇಕು, ಕ್ಲಚ್, ಎರಡು ಗೇರ್ ಕೇಬಲ್, ಆಕ್ಸಿಲರೇಟರ್, ಇವೆಲ್ಲವನ್ನೂ ಒಂದೇ ಸಲಕ್ಕೆ ಹೊಸದಾಗಿ ಹಾಕಿಸಿ. ಎಣ್ಣೆ ಬಿಟ್ಟು ಹಳೆಯದನ್ನೇ ಸಡಿಲಗೊಳಿಸಬಹುದು, ಆದರೆ ಕವಚದೊಳಗೆ ಎಷ್ಟು ಎಳೆ ತುಕ್ಕು ತಿಂದು ತುಂಡಾಗಿವೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಹಳೆಯ ಕೇಬಲ್ಲನ್ನು ಎಳೆದು ತೆಗೆಯುವ ಮೊದಲು ಅದರ ತುದಿಗೆ ಹೊಸ ತಂತಿಯನ್ನೋ ಗಟ್ಟಿ ದಾರವನ್ನೋ ಕಟ್ಟಿದರೆ ಹ್ಯಾಂಡಲಿನೊಳಗಿನ ದಾರಿ ತಪ್ಪುವುದಿಲ್ಲ.

ಪೆಟ್ರೋಲ್ ಹರಿಯುವ ದಾರಿ

ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದರೆ ಹಳೆಯ ಪೆಟ್ರೋಲಿನ ಹುಳಿವಾಸನೆ ಬರುತ್ತದೆ. ಅದು ವಾರ್ನಿಶ್‌ನಂತೆ ಅಂಟಾಗಿರುತ್ತದೆ. ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಇನ್ನೊಂದು ತೊಂದರೆಯೂ ಇದೆ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹೀರಿದ್ದು ಮಿತಿ ಮೀರಿದಾಗ ನೀರಿನೊಂದಿಗೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ತಳದ ಆ ನೀರೇ ಟ್ಯಾಂಕನ್ನು ಒಳಗಿನಿಂದ ತಿನ್ನುತ್ತದೆ. ಹಳೆಯ ಪೆಟ್ರೋಲನ್ನು ಹೊಸದರೊಂದಿಗೆ ಬೆರೆಸಿ ಮುಗಿಸುವ ಆಸೆ ಬೇಡ. ತೋಟಕ್ಕೋ ತೋಡಿಗೋ ಚೆಲ್ಲುವುದಂತೂ ಕೂಡದು. ನಮ್ಮ ತೋಡುಗಳ ನೀರು ಕೆಳಗಿನವರ ಗದ್ದೆಗೆ, ಬಾವಿಗೆ, ಕೊನೆಗೆ ಹೊಳೆಗೆ ಸೇರುತ್ತದೆ. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ, ಅವರು ಭಾಗಗಳನ್ನು ತೊಳೆಯಲು ಬಳಸಿಕೊಳ್ಳುತ್ತಾರೆ.

ಸೀಟು ತೆಗೆದರೆ ಟ್ಯಾಂಕು ಮೇಲಕ್ಕೆ ಬರುತ್ತದೆ. ತಳದ ಪೆಟ್ರೋಲ್ ಕಾಕ್, ಅಂದರೆ ಪೆಟ್ರೋಲ್ ಬಿಡುವ ನಲ್ಲಿ, ಬಿಚ್ಚಲು ಉದ್ದ ಹಿಡಿಯ ವಿಶೇಷ ಸ್ಪ್ಯಾನರ್ ಬೇಕಾಗುತ್ತದೆ. ಹಳೆಯ ಸ್ಕೂಟರ್ ನೋಡುವ ಗ್ಯಾರೇಜಿನಲ್ಲಿ ಕೇಳಿದರೆ ಸಿಗುತ್ತದೆ, ಅದಿಲ್ಲದೆ ಉಳಿ ಸುತ್ತಿಗೆಯಿಂದ ತಿರುಗಿಸಲು ಹೋದರೆ ಕಾಕ್ ಒಡೆಯುತ್ತದೆ. ಒಳಗಿನ ತುಕ್ಕು ಮೇಲ್ಮೈಯ ಪುಡಿಯಷ್ಟೇ ಆಗಿದ್ದರೆ ತೂತುಗಳನ್ನು ಮುಚ್ಚಿ, ಬಿಳಿ ವಿನೆಗರ್ ತುಂಬಿ ಒಂದು ಹಗಲು ಒಂದು ರಾತ್ರಿ ಬಿಡಿ. ನಡುನಡುವೆ ಒಂದು ಹಿಡಿ ನಟ್ಟುಗಳನ್ನು ಹಾಕಿ ಅಲುಗಾಡಿಸಿದರೆ ಹಕ್ಕಳೆ ಬಿಡುತ್ತದೆ. ಹುಳಿ ತಾನೇ ಬೇಕಾದದ್ದು ಎಂದು ಮನೆಯ ಕಾಚಂಪುಳಿಯನ್ನು ಸುರಿಯಲು ಹೊರಟವರನ್ನು ನಾನು ತಡೆದಿದ್ದೇನೆ. ಅದು ಬತ್ತಿಸಿದ ಮಂದ ರಸ, ಟ್ಯಾಂಕಿನೊಳಗೆ ಅಂಟು ಉಳಿಸುತ್ತದೆ, ಆ ಅಂಟು ಕಾರ್ಬೊರೇಟರಿನ ಜೆಟ್ಟಿಗೆ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ರಂಧ್ರಕ್ಕೆ, ಹೋಗುತ್ತದೆ. ಅದರ ಜಾಗ ಅಡುಗೆಮನೆ. ವಿನೆಗರ್ ಚೆಲ್ಲಿದ ಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಿಂದ ಒಮ್ಮೆ, ಬರಿಯ ನೀರಿನಿಂದ ಎರಡು ಸಲ ತೊಳೆದು, ಇಡೀ ದಿನ ಬಿಸಿಲಿನಲ್ಲಿ ಬೋರಲು ಹಾಕಿ ಒಣಗಿಸಿ. ಒಣಗಿದ ಕೂಡಲೇ ಸ್ವಲ್ಪ ಟೂ-ಟಿ ಆಯಿಲ್ ಬೆರೆಸಿದ ಪೆಟ್ರೋಲನ್ನು ಒಳಗೆಲ್ಲ ಸುತ್ತಾಡಿಸಬೇಕು. ತಡಮಾಡಿದರೆ ಸಂಜೆಯೊಳಗೆ ಹೊಸ ತುಕ್ಕು ಕೂರುತ್ತದೆ. ತುಕ್ಕು ತಗಡನ್ನೇ ತಿಂದಿದ್ದರೆ ಬೇರೆ ಟ್ಯಾಂಕು ಹುಡುಕುವುದೇ ಲೇಸು. ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ರಂಧ್ರವಿರುತ್ತದೆ. ಅದು ಕಟ್ಟಿಕೊಂಡರೆ ಗಾಡಿ ಎರಡು ಮೂರು ಕಿಲೋಮೀಟರು ಚೆನ್ನಾಗಿ ಓಡಿ ಆಮೇಲೆ ಕಾರಣವಿಲ್ಲದಂತೆ ನಿಲ್ಲುತ್ತದೆ, ಜನ ಕಾರ್ಬೊರೇಟರನ್ನು ಬಯ್ಯುತ್ತಾರೆ.

ಪೆಟ್ರೋಲ್ ಪೈಪು ಗಟ್ಟಿಯಾಗಿದ್ದರೂ ಮೆತ್ತಗಾಗಿದ್ದರೂ ಹೊಸದು ಹಾಕಿ, ಎಥೆನಾಲ್ ತಾಳುವ ಪೈಪು ಕೊಡಿ ಎಂದು ಅಂಗಡಿಯಲ್ಲಿ ಕೇಳಿ. ಬಲ ಡೂಮಿನೊಳಗಿನ ಪೆಟ್ಟಿಗೆಯಲ್ಲಿ ಕಾರ್ಬೊರೇಟರ್ ಇದೆ, ಅದರ ಮೇಲೆ ಏರ್ ಫಿಲ್ಟರ್. ಇದನ್ನು ಬಿಚ್ಚುವಾಗ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ, ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಜೋಡಿಸಿಡಿ. ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟನ್ನು ಅಲುಗಿಸಿದಾಗ ಒಳಗೆ ಪೆಟ್ರೋಲ್ ಸದ್ದು ಬಂದರೆ ಅದು ತೂತು. ಮೇನ್ ಜೆಟ್ಟನ್ನೂ ಸ್ಲೋ ಜೆಟ್ಟನ್ನೂ ತೆಗೆದು ಬೆಳಕಿಗೆ ಹಿಡಿದಾಗ ದುಂಡನೆಯ ಬೆಳಕಿನ ಚುಕ್ಕೆ ಕಾಣಬೇಕು. ತಂತಿಯಿಂದ ಚುಚ್ಚಿದರೆ ರಂಧ್ರದ ಅಳತೆ ಕೆಡುತ್ತದೆ. ಕಾರ್ಬೊರೇಟರ್ ಕ್ಲೀನರಿನಲ್ಲಿ ನೆನೆಸಿ, ಮೀನಿನ ಗಾಳದ ನೈಲಾನ್ ದಾರವನ್ನು ಪೋಣಿಸಿ ಎಳೆದರೆ ಸಾಕು. ಗ್ಯಾಸ್ಕೆಟ್ಟುಗಳ ಕಿಟ್ ಅಗ್ಗವಾದದ್ದು, ಹಳೆಯದನ್ನು ಮತ್ತೆ ಹಾಕಬೇಡಿ.

ಗಾಳಿಯ ದಾರಿಗೂ ಇಷ್ಟೇ ಗಮನ ಬೇಕು. ಏರ್ ಫಿಲ್ಟರಿನ ಪೆಟ್ಟಿಗೆಯಲ್ಲಿ ಇಲಿ ಗೂಡು ಇದ್ದರೆ ಕಣ್ಣಿಗೆ ಬೀಳುತ್ತದೆ, ಆದರೆ ಸಿಲಿಂಡರನ್ನು ಮುಚ್ಚಿರುವ ಕವಚದೊಳಗಿನ ಗೂಡು ಹೊರಗಿನಿಂದ ಕಾಣುವುದಿಲ್ಲ. ಚೇತಕ್‌ನ ಎಂಜಿನ್ ತಣ್ಣಗಾಗುವುದು ಎಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್ಟಿನ ಮೇಲಿನ ಫ್ಯಾನ್ ಬೀಸುವ ಗಾಳಿಯಿಂದ. ಆ ಗಾಳಿ ಕವಚದೊಳಗೆ ಹರಿದು ಸಿಲಿಂಡರಿನ ರೆಕ್ಕೆಗಳ ನಡುವೆ ಹೋಗಬೇಕು; ಅಲ್ಲಿ ಗೋಣಿಯ ನಾರು, ಕಾಫಿ ಸಿಪ್ಪೆ ತುಂಬಿದ್ದರೆ ಅಂಗಳದಲ್ಲಿ ಚೆನ್ನಾಗಿ ಓಡಿದ ಗಾಡಿ ಮೊದಲ ಏರಿನಲ್ಲೇ ಬಿಸಿಯಾಗಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಕವಚ ತೆಗೆದು ನೋಡುವುದನ್ನು ಬಿಡಲೇಬೇಡಿ. ಸೈಲೆನ್ಸರಿನ ಬಾಯಿಯನ್ನು ಕುಂಬಾರ ಹುಳು ಮಣ್ಣಿನಿಂದ ಮುಚ್ಚಿರುವುದೂ ಸಾಮಾನ್ಯ.

ಎಂಜಿನ್ ತಿರುಗಿಸುವುದು

ಸಿಲಿಂಡರಿಗೆ ಎಣ್ಣೆ ಬಿಟ್ಟು ಮೂರು ದಿನವಾದ ಮೇಲೆ, ಪ್ಲಗ್ ಇಲ್ಲದೆ, ನ್ಯೂಟ್ರಲ್‌ನಲ್ಲಿ, ಕಿಕ್ಕರನ್ನು ಕೈಯಿಂದ ಒತ್ತಿ. ಮೆಲ್ಲಗೆ ಕೆಳಗಿಳಿದರೆ ಹತ್ತು ಹದಿನೈದು ಸಲ ಹಾಗೆಯೇ ತಿರುಗಿಸಿ. ಅಲುಗದಿದ್ದರೆ ಮತ್ತಷ್ಟು ಎಣ್ಣೆ ಬಿಟ್ಟು ಇನ್ನೂ ಎರಡು ದಿನ ಕಾಯಿರಿ, ಆಮೇಲೂ ಅಲುಗದಿದ್ದರೆ ಹೆಡ್ ಬಿಚ್ಚಬೇಕಾದ ಕೆಲಸವೆಂದು ತಿಳಿದು ಮೆಕ್ಯಾನಿಕ್ಕರ ಬಳಿಗೆ ಒಯ್ಯಿರಿ. ತಿರುಗುವಾಗ ಒಳಗಿನಿಂದ ಮರಳು ಅರೆದಂತೆ ಸದ್ದು ಬಂದರೆ ಕ್ರ್ಯಾಂಕಿನ ಬೇರಿಂಗುಗಳಿಗೆ ತುಕ್ಕು ಹಿಡಿದಿದೆ. ಅದನ್ನು ಓಡಿಸಿ ಸರಿಮಾಡಲಾಗದು.

ಗೇರ್ ಆಯಿಲನ್ನು ಕೆಳಗಿನ ಸ್ಕ್ರೂ ತೆಗೆದು ಬಸಿದಾಗ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ನೀರು ಸೇರಿದೆ ಎಂದರ್ಥ. ಹೊಸದಾಗಿ ಎಸ್‌ಎಇ 30 ಆಯಿಲನ್ನು, ಗಾಡಿ ನೆಟ್ಟಗೆ ನಿಂತಿರುವಾಗ, ಮಟ್ಟದ ತೂತಿನಿಂದ ಹೊರಗೆ ಜಿನುಗುವವರೆಗೆ ತುಂಬಿ. ಸುಮಾರು ಕಾಲು ಲೀಟರ್ ಹಿಡಿಯುತ್ತದೆ. ಕ್ಲಚ್ ಪ್ಲೇಟುಗಳೂ ಇದೇ ಎಣ್ಣೆಯಲ್ಲಿ ಓಡುವುದರಿಂದ ಕಾರಿನ ಎಂಜಿನ್ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ವರ್ಷಗಟ್ಟಲೆ ಒತ್ತಿಕೊಂಡಿದ್ದ ಪ್ಲೇಟುಗಳು ಒಂದಕ್ಕೊಂದು ಅಂಟಿರುತ್ತವೆ. ಎರಡನೆಯ ಗೇರಿಗೆ ಹಾಕಿ, ಕ್ಲಚ್ ಹಿಡಿದು, ಗಾಡಿಯನ್ನು ಹಿಂದೆ ಮುಂದೆ ನೂಕಾಡಿದರೆ ಹೆಚ್ಚಾಗಿ ಬಿಡುತ್ತವೆ.

ಕಿಡಿ ನೋಡಲು ಹೊಸ ಪ್ಲಗ್ ಕೊಳ್ಳಿ, ಅದರ ಅಂತರ 0.6 ಮಿಲಿಮೀಟರ್ ಇರಲಿ. ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ, ಸಿಲಿಂಡರಿನ ತೆರೆದ ತೂತಿನಿಂದ ದೂರದಲ್ಲಿಟ್ಟು, ಪೆಟ್ರೋಲ್ ಕಾಕ್ ಮುಚ್ಚಿರುವಾಗ ಕಿಕ್ಕರ್ ತುಳಿಯಿರಿ. ನೀಲಿ ಕಿಡಿ ಚಟ್ಟನೆ ಹಾರಿದರೆ ಸಮಾಧಾನ. ಕಿಡಿ ಇಲ್ಲದಿದ್ದರೆ ಹಳೆಯ ಮಾದರಿಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಪಾಯಿಂಟ್, ಅಂದರೆ ತೆರೆದು ಮುಚ್ಚುತ್ತಾ ಕಿಡಿ ಹುಟ್ಟಿಸುವ ಲೋಹದ ಜೋಡಿ; ತೇವಕ್ಕೆ ಅದರ ಮುಖದ ಮೇಲೆ ಬೂದುಬಣ್ಣದ ಪದರ ಕಟ್ಟಿರುತ್ತದೆ. ಮ್ಯಾಗ್ನೆಟ್ಟಿನ ಕಿಂಡಿಯ ಮೂಲಕ ನಯವಾದ ಉಪ್ಪುಕಾಗದವನ್ನು ತೂರಿಸಿ ಉಜ್ಜಿ, ಪೆಟ್ರೋಲ್ ತಾಗಿಸಿದ ಕಾಗದದಿಂದ ಒರೆಸಿ, ಅಂತರವನ್ನು 0.3ರಿಂದ 0.5 ಮಿಲಿಮೀಟರಿನೊಳಗೆ ಇಡಿ. ನಂತರದ ಎಲೆಕ್ಟ್ರಾನಿಕ್ ಮಾದರಿಗಳಲ್ಲಿ ಪಾಯಿಂಟ್ ಇರುವುದಿಲ್ಲ. ಅಲ್ಲಿ ವಯರುಗಳ ಜೋಡಣೆಗಳನ್ನು, ಇಲಿ ಕಡಿದ ಜಾಗಗಳನ್ನು, ಮೈಗೆ ಬಿಗಿದ ಅರ್ಥ್ ವಯರಿನ ತುಕ್ಕನ್ನು ನೋಡಿ.

ಮೊದಲ ಸಲ ಒಂದು ಲೀಟರ್ ಹೊಸ ಪೆಟ್ರೋಲಿಗೆ 30 ಮಿಲಿಲೀಟರ್ ಟೂ-ಟಿ ಆಯಿಲ್ ಬೆರೆಸಿ ಹಾಕಿ, ಆಮೇಲೆ ಲೀಟರಿಗೆ 20 ಮಿಲಿಲೀಟರಿನ ರೂಢಿಯ ಅಳತೆಗೆ ಬನ್ನಿ. ಕಾಕ್ ತೆರೆದು, ಎರಡು ನಿಮಿಷ ಬಿಟ್ಟು, ಎಲ್ಲಿಯೂ ಸೋರುತ್ತಿಲ್ಲವೆಂದು ನೋಡಿ, ಚೋಕ್ ಎಳೆದು ತುಳಿಯಿರಿ. ಹತ್ತು ಸಲಕ್ಕೆ ಹಿಡಿಯದಿದ್ದರೆ ನಿಲ್ಲಿಸಿ ಪ್ಲಗ್ ತೆಗೆದು ನೋಡಿ: ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಹಿಡಿದ ಮೇಲೆ ಬಿಳಿ ಹೊಗೆ ದಟ್ಟವಾಗಿ ಬರುವುದು ಸಹಜ. ನೀವು ಬಿಟ್ಟ ಎಣ್ಣೆಯೇ ಉರಿಯುತ್ತಿರುತ್ತದೆ. ಹತ್ತು ನಿಮಿಷದ ಮೇಲೂ ಹೊಗೆ ಕಡಿಮೆಯಾಗದೆ ಗೇರ್ ಆಯಿಲಿನ ಮಟ್ಟ ಇಳಿಯುತ್ತಿದ್ದರೆ ಕ್ಲಚ್ ಕಡೆಯ ಸೀಲ್ ಒಣಗಿ ಬಿರಿದಿದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನಾಗಿಯೇ ಜೋರಾಗಿ ಕೂಗುತ್ತಿದ್ದರೆ ಮ್ಯಾಗ್ನೆಟ್ ಕಡೆಯ ಸೀಲಿನಿಂದ ಗಾಳಿ ನುಗ್ಗುತ್ತಿರಬಹುದು, ತಕ್ಷಣ ನಿಲ್ಲಿಸಿ. ಬಹುಕಾಲ ನಿಂತ ಎಂಜಿನ್ನಿನಲ್ಲಿ ಈ ರಬ್ಬರ್ ಸೀಲುಗಳು ಉಳಿದಿರುವುದು ಅದೃಷ್ಟ. ಒಂದು ಸಲ ಎಂಜಿನ್ ಬಿಚ್ಚುವುದಾದರೆ ಎಲ್ಲ ಸೀಲುಗಳನ್ನೂ ಬೇರಿಂಗುಗಳನ್ನೂ ಒಟ್ಟಿಗೆ ಬದಲಾಯಿಸಿ.

ರಸ್ತೆಗೆ ಇಳಿಯುವ ಮೊದಲು, ಇಳಿದ ಮೇಲೆ

ಹೆಡ್‌ಲೈಟು, ಹಿಂದಿನ ಕೆಂಪು ದೀಪ, ಬ್ರೇಕ್ ದೀಪ, ಹಾರ್ನು ಇವು ಕೆಲಸ ಮಾಡದೆ ಗೇಟು ದಾಟಬೇಡಿ. ಮಡಿಕೇರಿಯ ಮಂಜಿನಲ್ಲಿ ಹಿಂದಿನ ದೀಪವಿಲ್ಲದ ಸ್ಕೂಟರ್ ಬಸ್ಸಿನವರಿಗೆ ಕಾಣುವುದಿಲ್ಲ. ಮೊದಲ ಓಟ ಸಮತಟ್ಟಾದ ಜಾಗದಲ್ಲಿ ಆಗಲಿ, ಕುಶಾಲನಗರದ ಕಡೆಯವರಿಗೆ ಇದು ಸುಲಭ, ನಮ್ಮಂಥವರು ಗದ್ದೆಬಯಲಿನ ರಸ್ತೆಯನ್ನೋ ಶಾಲೆಯ ಮೈದಾನವನ್ನೋ ಹುಡುಕಬೇಕು. ನಡಿಗೆಯ ವೇಗದಲ್ಲಿ ಎರಡೂ ಬ್ರೇಕುಗಳನ್ನು ಬೇರೆಬೇರೆಯಾಗಿ ಹಿಡಿದು ನೋಡಿ, ಆಮೇಲೆ 20 ಕಿಲೋಮೀಟರ್ ವೇಗದಲ್ಲಿ ನೋಡಿ. ಐದು ಕಿಲೋಮೀಟರ್ ಓಡಿಸಿ ಬಂದು ಚಕ್ರದ ನಟ್ಟು, ಎಂಜಿನ್ ಬೋಲ್ಟು, ಹ್ಯಾಂಡಲಿನ ಬಿಗಿತಗಳನ್ನು ಮತ್ತೆ ಪರೀಕ್ಷಿಸಿ. ಬ್ರೇಕ್ ಡ್ರಮ್ ಮುಟ್ಟಿದರೆ ಸುಡುವಷ್ಟು ಬಿಸಿಯಿದ್ದರೆ ಶೂ ಉಜ್ಜುತ್ತಿದೆ. 50 ಕಿಲೋಮೀಟರಿಗೆ ಇದೆಲ್ಲವನ್ನೂ ಇನ್ನೊಮ್ಮೆ ನೋಡಿ, ಹೊಸ ಕೇಬಲ್ಲುಗಳು ಅಷ್ಟರಲ್ಲಿ ಹಿಗ್ಗಿರುತ್ತವೆ.

ಸಂಪಾಜೆ ಘಾಟಿಯನ್ನೋ ಮಾಕುಟ್ಟದ ಇಳಿಜಾರನ್ನೋ ಮೊದಲ ತಿಂಗಳು ಮುಟ್ಟದಿರುವುದು ಒಳ್ಳೆಯದು. ಮುಟ್ಟುವ ದಿನ ಬಂದಾಗ ಟೂ-ಸ್ಟ್ರೋಕ್ ಗಾಡಿಯ ಒಂದು ಗುಣವನ್ನು ನೆನಪಿಡಿ: ಅದರ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಮೂಲಕವೇ. ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನ ಹಿಡಿತದಲ್ಲೇ ಇಳಿಯುತ್ತಿದ್ದರೆ ಎಂಜಿನ್ ವೇಗವಾಗಿ ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ಸಿಗುವುದಿಲ್ಲ. ಆಗಾಗ ಒಂದೆರಡು ಕ್ಷಣ ಆಕ್ಸಿಲರೇಟರ್ ತೆರೆಯುತ್ತಾ ಇಳಿಯಿರಿ. ಗೇರನ್ನು ನ್ಯೂಟ್ರಲ್ ಮಾಡಿ ಇಳಿಯುವುದು ಇದಕ್ಕೆ ಪರಿಹಾರವಲ್ಲ. ಡ್ರಮ್ ಬ್ರೇಕು ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ.

ಗೇರ್ ಇಲ್ಲದ ಸ್ಕೂಟರುಗಳಿಗೆ ಚಕ್ರ, ಬ್ರೇಕು, ಟ್ಯಾಂಕು, ಫ್ಯಾನಿನ ಗಾಳಿದಾರಿ ಇವುಗಳ ಮಾತು ಹಾಗೆಯೇ ಅನ್ವಯಿಸುತ್ತದೆ. ಫೋರ್-ಸ್ಟ್ರೋಕ್ ಆದ್ದರಿಂದ ಎಂಜಿನ್ ಆಯಿಲನ್ನು ಸ್ಟಾರ್ಟ್ ಮಾಡುವ ಮೊದಲೇ ಬದಲಾಯಿಸಬೇಕು. ವರ್ಷಗಟ್ಟಲೆ ಚಾರ್ಜ್ ಇಲ್ಲದ ಬ್ಯಾಟರಿ ಬಹುತೇಕ ಸತ್ತಿರುತ್ತದೆ, ಹೊಸದೇ ಬೇಕು. ಎಡಗಡೆಯ ಕವಚದೊಳಗಿನ ಬೆಲ್ಟಿನಲ್ಲಿ ಅಡ್ಡ ಬಿರುಕುಗಳಿದ್ದರೆ ಬದಲಾಯಿಸಿ. ಸೆಲ್ಫ್ ಬಟನ್ ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕಾರ್ಬೊರೇಟರ್ ಬದಲು ಇಂಜೆಕ್ಷನ್ ಇರುವುದರಿಂದ ಟ್ಯಾಂಕಿನ ಹಳೆಯ ಪೆಟ್ರೋಲ್ ತೆಗೆದು ಹೊಸದು ಹಾಕುವಷ್ಟನ್ನು ಮನೆಯಲ್ಲಿ ಮಾಡಿ, ಪಂಪು ಮತ್ತು ಇಂಜೆಕ್ಟರಿನ ಕೆಲಸವನ್ನು ಸರ್ವಿಸ್ ಸೆಂಟರಿಗೆ ಬಿಡಿ.

ಮುಂದಿನ ಮಳೆಗಾಲಕ್ಕೆ ಗಾಡಿಯನ್ನು ಮತ್ತೆ ನಿಲ್ಲಿಸಬೇಕಾದರೆ ಮೇ ಕೊನೆಯಲ್ಲಿ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ಒಳಗೆ ಎಣ್ಣೆ ಸವರಿ, ಕಾರ್ಬೊರೇಟರಿನಲ್ಲಿರುವುದು ಮುಗಿಯುವವರೆಗೆ ಎಂಜಿನ್ ಓಡಿಸಿ, ಚಕ್ರಗಳು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ನಿಲ್ಲಿಸಿ. ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ಸೆರೆಯಾಗುತ್ತದೆ, ಹಳೆಯ ಹತ್ತಿ ಬಟ್ಟೆ ಸಾಕು. ಕ್ಲಚ್ ಲಿವರನ್ನು ಹ್ಯಾಂಡಲಿಗೆ ರಬ್ಬರ್ ಪಟ್ಟಿಯಿಂದ ಕಟ್ಟಿಟ್ಟರೆ ಪ್ಲೇಟುಗಳು ಅಂಟುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಚಕ್ರ ತಿರುಗಿಸಿ, ಎರಡು ಬ್ರೇಕುಗಳನ್ನೂ ಹತ್ತು ಸಲ ಒತ್ತಿ ಬಿಟ್ಟು, ಕಿಕ್ಕರನ್ನು ಕೈಯಿಂದ ನಾಲ್ಕು ಸಲ ಇಳಿಸಿ, ಬಟ್ಟೆಯನ್ನು ಒಣಗಿದ್ದಕ್ಕೆ ಬದಲಿಸಿ.